ಮೋಡನಿಂಬದ ಹದಿನಾಲ್ಕು ಕಿಲೋಮೀಟರು

ಡೊಂಬಿವಲಿ ಪೂರ್ವ
೨೦ ಅಕ್ಟೋಬರ್ ೨೦೨೪

ಜಯಾ,

ನಿನ್ನ ಫೋನಿನಲ್ಲಿ ನನ್ನ ನಂಬರು ಬ್ಲಾಕ್ ಆಗಿ ಎರಡು ವರ್ಷವಾಯಿತು. ಪತ್ರವನ್ನು ಬ್ಲಾಕ್ ಮಾಡಲು ಬರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹರಿದು ಹಾಕುವ ಮೊದಲು ಪೂರ್ತಿ ಓದು.

ಮನೆ ಬಿಟ್ಟು ರಬಾಳೆಗೆ ಹೋದ ದಿನ ಬಾಗಿಲಲ್ಲಿ ನಿಂತು ನೀನು ಹೇಳಿದ್ದು ನನಗೆ ಬಾಯಿಪಾಠವಾಗಿದೆ. "ನೀವು ಬಾಯಲ್ಲಿ ಹೇಳಿದ ಕೆಲಸ ಒಂದು, ಒಂದೇ ಒಂದು, ಕೊನೆವರೆಗೆ ಮಾಡಿ ತೋರಿಸಿ. ಮರುದಿನ ಬಂದು ಈ ಒಲೆ ಹಚ್ಚುತ್ತೇನೆ." ನಮ್ಮ ಮಗಳು ದಿಶಾ ಪಕ್ಕದಲ್ಲೇ ಇದ್ದಳು. ಅವಳೇ ಸಾಕ್ಷಿ.

ಆ ಕೆಲಸ ಯಾವುದೆಂದು ಈಗ ನಿಶ್ಚಯ ಮಾಡಿದ್ದೇನೆ. ನಾಳೆ ಬೆಳಿಗ್ಗೆ ಡೊಂಬಿವಲಿಯ ಹಿನ್ನೀರಿನ ಖಾಡಿಯ ದಡದಿಂದ ಹೊರಟು, ದೇಶದ ಆಚೆ ಬದಿಯ ಕಡಲಿನವರೆಗೆ, ಆಂಧ್ರದ ಮಚಲಿಪಟ್ಟಣದವರೆಗೆ ನಡೆದುಕೊಂಡು ಹೋಗುತ್ತೇನೆ. ಪನವೇಲ್, ಪುಣೆ, ಸೊಲ್ಲಾಪುರ, ಹುಮನಾಬಾದ್, ಹೈದರಾಬಾದ್, ವಿಜಯವಾಡ. ಸುಮಾರು ಸಾವಿರ ಕಿಲೋಮೀಟರು. ಒಂದು ಹೆಜ್ಜೆಯೂ ವಾಹನದಲ್ಲಿ ಇಲ್ಲ.

ಅರವತ್ತೊಂದರ ಮುದುಕನಿಗೆ ಇದೆಲ್ಲ ಯಾಕೆ ಎಂದು ಬಿಲ್ಡಿಂಗಿನವರು ನಗುತ್ತಿದ್ದಾರೆ. ನಗಲಿ. ಲಿಫ್ಟು ಕೆಟ್ಟರೆ ಎರಡನೇ ಮಾಳಿಗೆಗೆ ಹತ್ತಲಾರದ ಜನ. ನಾನು ಮಾಜಿವಾಡಾದ ಹೊಟೇಲಿನಲ್ಲಿ ಸಪ್ಲಾಯರ್ ಆಗಿ ಸೇರಿ ಕ್ಯಾಪ್ಟನ್ ಆಗಿ ಹೊರಗೆ ಬಂದವನು. ನಲವತ್ತು ವರ್ಷ ಅಡುಗೆಮನೆಗೂ ಟೇಬಲಿಗೂ ನಡೆದದ್ದನ್ನು ಉದ್ದಕ್ಕೆ ಹಾಸಿದರೆ ಮಚಲಿಪಟ್ಟಣ ಯಾವ ದೊಡ್ಡ ಊರು?

ದಾರಿಯಲ್ಲಿ ನಮ್ಮ ಮಂಗಳೂರು ಕಡೆಯವರ ಹೊಟೇಲು ಇಲ್ಲದ ಊರಿಲ್ಲ. ಹೆಸರುಗಳ ಪಟ್ಟಿ ಇದರ ಜೊತೆ ಇಟ್ಟಿದ್ದೇನೆ. ಹೊಟೇಲಿನ ವಿಳಾಸ ಹಾಕಿ "ನಡೆದು ಬರುವ ಶೇಖರನಿಗೆ" ಎಂದು ಬರೆ, ಗಲ್ಲೆಯಲ್ಲಿ ಹಣ ಎಣಿಸುತ್ತಾ ಕೂತವರು ತೆಗೆದಿಟ್ಟು ಕೊಡುತ್ತಾರೆ. ಎಲ್ಲರಿಗೂ ಫೋನ್ ಮಾಡಿ ಹೇಳಿದ್ದೇನೆ.

ಒಲೆ ಒರೆಸಿ ಇಟ್ಟಿದ್ದೇನೆ.

ಶೇಖರ


ರಬಾಳೆ
೨೩ ಅಕ್ಟೋಬರ್ ೨೦೨೪

ಶೇಖರ ಅವರಿಗೆ,

ನಿಮ್ಮ ಪತ್ರವನ್ನು ತುರ್ಭೆಯ ಕ್ಯಾಂಟೀನಿನಲ್ಲಿ ಇನ್ನೂರೈವತ್ತು ಜನರ ಊಟ ಮುಗಿದ ಮೇಲೆ ಓದಿದೆ. ಒಳ್ಳೆಯದೇ ಆಯಿತು. ಮೊದಲೇ ಓದಿದ್ದರೆ ನಗುತ್ತಾ ಸಾರಿಗೆ ಎರಡು ಸಾರಿ ಉಪ್ಪು ಹಾಕುತ್ತಿದ್ದೆ, ಸೂಪರ್‌ವೈಸರ್ ಕೆಲಸ ಹೋಗುತ್ತಿತ್ತು.

ಮಾರಾಯ್ರೆ, ಒಂದು ಕೆಲಸ ಎಂದು ನಾನು ಹೇಳಿದಾಗ ನನ್ನ ತಲೆಯಲ್ಲಿ ಇದ್ದದ್ದು ಬಚ್ಚಲಿನ ನಲ್ಲಿ. ಆರು ವರ್ಷದಿಂದ ಸೋರುತ್ತಿರುವ ಆ ನಲ್ಲಿ. ಅದು ಬೇಡವೆಂದರೆ ಅಡುಗೆಮನೆಯ ಗೋಡೆ ಇತ್ತು, ನಿಮ್ಮ ಭುಜದವರೆಗೆ ಹಸಿರು, ಅಲ್ಲಿಂದ ಮೇಲೆ ಹಳೇ ಹಳದಿ. ನೋಡಲು ಬಂದವರೆಲ್ಲ ಇದು ಹೊಸ ಫ್ಯಾಷನ್ನಾ ಎಂದು ಕೇಳಿದರು. ಒಂದು ವಾಷರು ಹಾಕಿಸಲಾರದ ಮನುಷ್ಯ ದೇಶ ದಾಟಲು ಹೊರಟಿದ್ದಾರೆ! ಯಾರಿಗೆ ಬೇಕಾಗಿತ್ತು ಇದು? ಮಚಲಿಪಟ್ಟಣದಲ್ಲಿ ನಿಮ್ಮನ್ನು ಯಾರು ಕಾಯುತ್ತಿದ್ದಾರೆ, ಮೀನುಗಳಾ?

ಇನ್ನೊಂದು ಮಾತು, ಡೊಂಬಿವಲಿಯ ಖಾಡಿ ಯಾವಾಗಿನಿಂದ ಕಡಲಾಯಿತು? ಅದರಲ್ಲಿ ಕಾಲಿಟ್ಟರೆ ಚಪ್ಪಲಿ ವಾಪಸ್ ಬರುವುದಿಲ್ಲ.

ನಿಮ್ಮ ಹಾರ್ಮೋನಿಯಂ ಕ್ಲಾಸು ಹನ್ನೊಂದು ದಿನ ನಡೆಯಿತು. ಕಲ್ಯಾಣದ ಯಕ್ಷಗಾನದವರ ಜೊತೆ ಸೇರಿ ಒಂದೇ ಒಂದು ವೇಷ ಕಟ್ಟಿದಿರಿ, ಮುಖಕ್ಕೆ ಬಣ್ಣ ಹಚ್ಚಿದ ಮೇಲೆ ಹೊಟ್ಟೆನೋವು ಎಂದು ಮನೆಗೆ ಬಂದಿರಿ. ಲೋಕಲ್ ಗಾಡಿಯಲ್ಲಿ ರಾಕ್ಷಸ! ಆದ್ದರಿಂದ ಪಕ್ಕದ ಶೀಲ್ ಫಾಟಾ ಕೂಡ ದಾಟುವುದಿಲ್ಲ ನೀವು, ಹೆಚ್ಚೆಂದರೆ ಪನವೇಲಿನಿಂದ ಬಸ್ಸಿನಲ್ಲಿ ಮನೆಗೆ. ನಮ್ಮ ಅಡುಗೆಯ ಭೀಮುವಿನ ಹತ್ತಿರವೂ ಹಾಗೆಯೇ ಹೇಳಿದ್ದೇನೆ. ಅವನು ಕುಂದಾಪುರ ಕಡೆಯ ಹುಡುಗ, ನಿಮ್ಮ ಸಾಹಸ ಕೇಳಿ ಬಾಯಿ ತೆರೆದುಕೊಂಡು ಕೂತಿದ್ದಾನೆ.

ಆದರೂ ಆಡಿದ ಮಾತು ಆಡಿದ್ದೇ. ಒಂದು ಹೆಜ್ಜೆ ಬಿಡದೆ ಮುಗಿಸಿದರೆ ಬರುತ್ತೇನೆ. ಇಷ್ಟು ಧೈರ್ಯವಾಗಿ ಬರೆಯುತ್ತಿರುವುದು ನಿಮ್ಮನ್ನು ಚೆನ್ನಾಗಿ ಬಲ್ಲೆನಾದ್ದರಿಂದ.

ಜಯಲತಾ


ಲೋಣಾವಳ
೨೭ ಅಕ್ಟೋಬರ್ ೨೦೨೪

ಜಯಾ,

ಶೀಲ್ ಫಾಟಾ ದಾಟಿದೆ. ಪನವೇಲ್ ದಾಟಿದೆ. ಘಾಟಿ ಹತ್ತಿ ಲೋಣಾವಳದಲ್ಲಿ ಕೂತು ಬರೆಯುತ್ತಿದ್ದೇನೆ. ಇದನ್ನು ಭೀಮುವಿಗೂ ಓದಿ ಹೇಳು.

ಕಷ್ಟ ಇಲ್ಲವೆಂದಲ್ಲ. ನಲವತ್ತು ವರ್ಷ ನಾನು ನಡೆದದ್ದು ಒರೆಸಿದ ಟೈಲ್ಸಿನ ಮೇಲೆ, ಒಂದು ಸಾರಿಗೆ ಇಪ್ಪತ್ತು ಹೆಜ್ಜೆ. ಇಲ್ಲೂ ಇಪ್ಪತ್ತು ಹೆಜ್ಜೆಯಾದ ಕೂಡಲೇ ಕಾಲು ತನ್ನಷ್ಟಕ್ಕೆ ಹಿಂದೆ ತಿರುಗಲು ನೋಡುತ್ತದೆ. ಮೊದಲ ದಿನ ಎಡಗಾಲಿಗೆ ಮೂರು ಗುಳ್ಳೆ, ಎರಡನೇ ದಿನ ಬಲಗಾಲಿಗೆ ನಾಲ್ಕು. ಖೋಪೋಲಿಯಲ್ಲಿ ಹೊಟೇಲಿನ ಭಟ್ಟರು ಬಿಸಿನೀರಿಗೆ ಉಪ್ಪು ಹಾಕಿ ಕಾಲು ಇಡಿಸಿದರು. ಅರಚಿದ್ದು ಕೇಳಿ ಇಬ್ಬರು ಗಿರಾಕಿಗಳು ದೋಸೆ ಬಿಟ್ಟು ಎದ್ದರಂತೆ.

ನಾಯಿಗಳದ್ದು ಇನ್ನೊಂದು ಕತೆ. ಬಸ್ಸಿಗೆ, ಲಾರಿಗೆ, ಪೊಲೀಸ್ ಜೀಪಿಗೆ ಯಾವುದಕ್ಕೂ ತಲೆ ಎತ್ತದ ನಾಯಿಗಳು ನಡೆಯುವ ಮನುಷ್ಯನನ್ನು ಕಂಡರೆ ಎದ್ದು ನಿಲ್ಲುತ್ತವೆ. ನಡೆಯುವವನು ಕಳ್ಳ ಎಂದು ಯಾರು ಕಲಿಸಿದರೋ.

ಘಾಟಿಯಲ್ಲಿ ಅನೀಶ ಎಂಬ ಬೆಂಗಳೂರಿನ ಯುವಕ ಸಿಕ್ಕಿದ. ಅವನೂ ದೂರ ನಡೆಯುವವನೇ. ಎರಡು ಕೈಯಲ್ಲಿ ಎರಡು ಕೋಲು, ಕಣ್ಣಿಗೆ ಬಣ್ಣದ ಕನ್ನಡಕ, ಹಿಂದಿನಿಂದ ಒಂದು ಕಾರು. ಕಾರಿನಲ್ಲಿ ಹಾಸಿಗೆ, ಹಣ್ಣು, ಫೋಟೋ ತೆಗೆಯಲು ಒಬ್ಬ. ಇದಕ್ಕೂ ನಡೆಯುವುದು ಎಂದು ಹೆಸರು!

"ಅಂಕಲ್, ನೀವು ಯಾವುದಕ್ಕೋಸ್ಕರ ನಡೀತಿದ್ದೀರಾ?" ಎಂದು ಕೇಳಿದ.

"ಹೆಂಡತಿಗೋಸ್ಕರ."

ಅವನ ಮುಖ ಸಣ್ಣದಾಯಿತು. "ಅಯ್ಯೋ. ಕ್ಯಾನ್ಸರಾ ಅಂಕಲ್?"

"ಇಲ್ಲ, ರಬಾಳೆ" ಎಂದೆ.

ಬಾಳೆಹಣ್ಣು ಕೊಟ್ಟು ಮುಂದೆ ಹೋದ. ಪುಣೆಗೆ ಬರೆ.

ಶೇಖರ


ರಬಾಳೆ
೧ ನವೆಂಬರ್ ೨೦೨೪

ಶೇಖರ ಅವರಿಗೆ,

ದೀಪಾವಳಿಯ ದಿನ ನಿಮ್ಮ ಗುಳ್ಳೆಗಳ ವರ್ಣನೆ ಓದಿ ಉಂಡದ್ದು ಮೈಗೆ ಹತ್ತಲಿಲ್ಲ. ದಾರಿಯಲ್ಲಿ ಹೋಗುವವರ ಎದುರು ಹೆಂಡತಿಯ ಸುದ್ದಿ ಎತ್ತಲು ನಾಚಿಕೆ ಆಗುವುದಿಲ್ಲವೇ? ರಬಾಳೆ ಕಾಯಿಲೆಯಲ್ಲ. ಇಲ್ಲಿ ನನಗೊಂದು ಖೋಲಿ ಉಂಟು, ನಲ್ಲಿ ಸೋರುವುದಿಲ್ಲ.

ಆ ಹುಡುಗನ ಕಾರನ್ನು ಕಂಡು ಮೂಗು ಮುರಿಯುತ್ತೀರಿ. ಅವನಾದರೂ ಕೋಲು, ಕನ್ನಡಕ ಎಂದು ತಯಾರಿ ಮಾಡಿಕೊಂಡು ಹೊರಟಿದ್ದಾನೆ. ನೀವು? ಹವಾಯಿ ಚಪ್ಪಲಿ ಮತ್ತು ಬಾಯಿ.

ಭೀಮು ಕ್ಯಾಂಟೀನಿನ ಗೋಡೆಗೆ ದೇಶದ ನಕ್ಷೆ ಅಂಟಿಸಿ, ನೀವು ಮುಟ್ಟಿದ ಊರಿಗೆಲ್ಲ ಪಿನ್ನು ಚುಚ್ಚುತ್ತಿದ್ದಾನೆ. ಲೋಡಿಂಗಿನ ಹುಡುಗರೂ ಊಟಕ್ಕೆ ಬಂದಾಗ "ಕಾಕಾ ಕುಠೆ ಪೋಹೊಚಲೆ?" ಎಂದು ಕೇಳುತ್ತಾರೆ, ಕಾಕಾ ಎಲ್ಲಿಗೆ ಮುಟ್ಟಿದರು ಎಂದು. ನಕ್ಷೆ ತೆಗೆಯಲು ಹೇಳಿದ್ದೇನೆ. ಪುಣೆಯಿಂದ ಡೊಂಬಿವಲಿಗೆ ರೈಲು ಬೇಕಾದಷ್ಟುಂಟು ಎಂಬುದನ್ನೂ ಹೇಳಿದ್ದೇನೆ.

ಜಯಲತಾ


ಇಂದಾಪುರ
೮ ನವೆಂಬರ್ ೨೦೨೪

ಜಯಾ,

ರೈಲು ಹತ್ತಲಿಲ್ಲ. ಪುಣೆ ದಾಟಿ ನೂರನಲವತ್ತು ಕಿಲೋಮೀಟರು ಬಂದಿದ್ದೇನೆ. ಗುಳ್ಳೆಗಳು ಒಣಗಿ ಕಾಲಿನ ಅಡಿ ದೋಸೆಕಲ್ಲಾಗಿದೆ. ಅದು ಬೇಡವೆಂದೆಯಲ್ಲ, ಬೇರೆ ಬರೆಯುತ್ತೇನೆ.

ಇಲ್ಲಿ ಕಾರ್ತಿಕ ಏಕಾದಶಿಗೆ ಪಂಢರಪುರಕ್ಕೆ ಹೋಗುವ ವಾರಕರಿಗಳು ರಸ್ತೆ ತುಂಬ ಇದ್ದಾರೆ. ನನ್ನ ಬಿಳಿ ಅಂಗಿ, ಬಿಸಿಲಿಗೆ ಹಾಕಿದ ಬಿಳಿ ಟೋಪಿ ನೋಡಿ ನಾನೂ ವಾರಕರಿಯೇ ಎಂದು ಎಲ್ಲರೂ ತಿಳಿದಿದ್ದಾರೆ. ಇಲ್ಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಕೈಯಲ್ಲಿ ಚಹಾ ಇರುತ್ತದೆ. "ಮಾವುಲಿ, ಬಸಾ. ಮಾವುಲಿ, ಜೇವಾ." ತಾಯಿ ಎಂದು ಕರೆದು ಕೂರಿಸಿ ಊಟಕ್ಕೆ ಬಡಿಸುತ್ತಾರೆ. ನಲವತ್ತು ವರ್ಷ ಊರಿಗೆಲ್ಲ ಬಡಿಸಿದ ಕೈ ಇದು. ನನ್ನನ್ನು ಕೂರಿಸಿ ಬಡಿಸಿದವರು ಇವರೇ.

ನಿನ್ನೆ ಒಬ್ಬ ಅಜ್ಜಿ ನನ್ನ ಕಾಲು ಮುಟ್ಟಿದಳು. ಸೊಂಟ ಬಿದ್ದಿದೆ, ಈ ವರ್ಷ ಹೋಗಲು ಆಗುವುದಿಲ್ಲ, ನನ್ನ ಹೆಸರಿನಲ್ಲಿ ವಿಠೋಬನಿಗೆ ಕೈಮುಗಿಯುತ್ತೀಯಾ ಎಂದು ಕೇಳಿದಳು. ಪಂಢರಪುರ ನನ್ನ ದಾರಿಯಲ್ಲ, ಒಳಗೆ ಹೋಗಬೇಕು. ಆದರೂ "ಹೋ", ಆಯಿತು, ಎಂದುಬಿಟ್ಟೆ. ಎರಡು ಭಾಕ್ರಿ ಕಟ್ಟಿಕೊಟ್ಟಳು. ನೀನು ಇದ್ದಿದ್ದರೆ ಆ ಶೇಂಗಾ ಚಟ್ನಿಯ ರುಚಿ ತೋರಿಸುತ್ತಿದ್ದೆ.

ಶೇಖರ


ರಬಾಳೆ
೧೩ ನವೆಂಬರ್ ೨೦೨೪

ಶೇಖರ ಅವರಿಗೆ,

ಛೀ.

ಬೇರೆಯವರ ದೇವರ ಹೆಸರಿನಲ್ಲಿ ಉಂಡು, ಕಾಲು ಮುಟ್ಟಿಸಿಕೊಂಡು, ಅದನ್ನು ಖುಷಿಯಲ್ಲಿ ಬರೆದು ಕಳಿಸುತ್ತೀರಲ್ಲ! ನಿನ್ನೆ ಏಕಾದಶಿ ಆಯಿತು. ಹೋದಿರಾ ಪಂಢರಪುರಕ್ಕೆ? ಹೋಗಿರುವುದಿಲ್ಲ. ಆ ಅಜ್ಜಿ ಮನೆಯಲ್ಲಿ ಕೂತು, ನನ್ನ ಮಾವುಲಿ ಈಗ ದೇವರ ಎದುರು ನಿಂತಿದ್ದಾನೆ ಎಂದುಕೊಂಡಿರುತ್ತಾಳೆ. ನಿಮ್ಮ "ಹೋ"ವನ್ನು ನಂಬಿ ಬಾಗಿಲಲ್ಲಿ ನಿಂತು ಕಾಲು ಊದಿದವಳು ನಾನು. ಈಗ ಇನ್ನೊಬ್ಬಳು ಸಿಕ್ಕಿದಳು. ಪಾಪದ ಮುದುಕಿ, ಭಾಕ್ರಿ ಬೇರೆ ಕಳೆದುಕೊಂಡಳು.

ಜಯಲತಾ


ಸೊಲ್ಲಾಪುರ
೧೭ ನವೆಂಬರ್ ೨೦೨೪

ಜಯಾ,

ಟೆಂಭುರ್ಣಿಯಲ್ಲಿ ತಾರಾನಾಥನ ಹೊಟೇಲಿನಲ್ಲಿ ಎರಡು ದಿನ ಇದ್ದೆ. ಅಲ್ಲಿಂದ ಸೊಲ್ಲಾಪುರಕ್ಕೆ ಬಂದೆ. ರಸ್ತೆ ಚೆನ್ನಾಗಿದೆ. ಇಲ್ಲಿ ಚಾದರ ತುಂಬ ಚೆನ್ನಾಗಿ ಸಿಗುತ್ತದೆ, ವಾಪಸ್ ಬರುವಾಗ ನಿನಗೊಂದು ತರುತ್ತೇನೆ. ಹವೆಯೂ ತಂಪಾಗಿದೆ. ಮುಂದಿನ ಪತ್ರ ಹುಮನಾಬಾದಿಗೆ ಬರೆ.

ಶೇಖರ


ರಬಾಳೆ
೨೩ ನವೆಂಬರ್ ೨೦೨೪

ಶೇಖರ ಅವರಿಗೆ,

ಚಾದರ ನಿಮ್ಮ ಮುಖಕ್ಕೆ ಹೊದ್ದುಕೊಳ್ಳಿ.

ಒಂದು ಗುಳ್ಳೆಗೆ ಅರ್ಧ ಪುಟ ಬರೆಯುವ ಮನುಷ್ಯ ಟೆಂಭುರ್ಣಿಯಿಂದ ಸೊಲ್ಲಾಪುರಕ್ಕೆ "ಬಂದೆ" ಎಂದು ಒಂದೇ ಶಬ್ದದಲ್ಲಿ ಮುಗಿಸಿದಾಗಲೇ ನನಗೆ ವಾಸನೆ ಬಡಿಯಿತು. ಮೂರು ದಿನ ಸುಮ್ಮನಿದ್ದೆ. ನಿನ್ನೆ ಭೀಮು ಈರುಳ್ಳಿ ಹೆಚ್ಚುತ್ತಾ, "ಅಕ್ಕ, ಯಜಮಾನ್ರು ನಮ್ಮ ತಾರಾನಾಥಣ್ಣನ ಟೆಂಪೋದಲ್ಲಿ ತೆಂಗಿನಕಾಯಿ ಗೋಣಿ ಮೇಲೆ ಕೂತು ಹೋದ್ರಂತೆ ಅಲ್ವಾ? ಪಾಪ, ಜ್ವರ ಇತ್ತಂತೆ. ಮೋಡನಿಂಬದಿಂದ ಹದಿನಾಲ್ಕು ಕಿಲೋಮೀಟರು" ಎಂದ.

ಪಾಪವಂತೆ!

ತಾರಾನಾಥ ಭೀಮುವಿನ ಚಿಕ್ಕ‍ಪ್ಪನ ಮಗ. ನಲವತ್ತು ವರ್ಷ ಈ ಕಸುಬಿನಲ್ಲಿದ್ದು ಇಷ್ಟು ತಿಳಿಯಲಿಲ್ಲವೇ? ನಮ್ಮವರ ಒಂದು ಹೊಟೇಲಿನಲ್ಲಿ ಸೀನಿದರೆ ಇನ್ನೊಂದು ಹೊಟೇಲಿನಲ್ಲಿ ಮೂಗು ಒರೆಸುತ್ತಾರೆ. ನಿಮಗೆ ಪತ್ರ ತೆಗೆದಿಟ್ಟು ಕೊಡುವವರೇ ನಿಮ್ಮ ಸುದ್ದಿಯನ್ನೂ ನನಗೆ ಮುಟ್ಟಿಸುತ್ತಾರೆ. ಯಾವುದಾದರೂ ಪಂಜಾಬಿನ ಲಾರಿ ಹತ್ತಿದ್ದರೆ ದೇವರಿಗೂ ಗೊತ್ತಾಗುತ್ತಿರಲಿಲ್ಲ. ನಮ್ಮವರದ್ದೇ ಟೆಂಪೋ, ಯಾರೂ ಹೇಳುವುದಿಲ್ಲ ಎಂದು ಹತ್ತಿದಿರಿ. ಕಳ್ಳತನವನ್ನೂ ನೆಟ್ಟಗೆ ಮಾಡಲು ಬರುವುದಿಲ್ಲ.

ಜ್ವರ ಬಂದರೆ ಟೆಂಪೋ ಹತ್ತಬೇಡಿ ಎಂದು ಯಾರು ಹೇಳಿದರು? ಹತ್ತಿದೆ ಎಂದು ಬರೆಯಬೇಕಿತ್ತು. "ಬಂದೆ" ಎಂದು ಬರೆದಿರಲ್ಲ, ಆ ಶಬ್ದ ಓದಿ ನಿಮ್ಮ ಜೊತೆ ಬಾಳಿದ ಮೂವತ್ತೊಂದು ವರ್ಷವೂ ಒಟ್ಟಿಗೆ ನೆನಪಾಯಿತು.

ಇಲ್ಲಿಗೆ ಮುಗಿಯಿತು. ಬಸ್ಸು ಹಿಡಿದು ಮನೆಗೆ ಹೋಗಿ.

ಜಯಲತಾ


ಹುಮನಾಬಾದ್
೩ ಡಿಸೆಂಬರ್ ೨೦೨೪

ಜಯಾ,

ನೀನು ಹೇಳಿದ ಹಾಗೆ ಬಸ್ಸು ಹಿಡಿದೆ.

ನಿನ್ನ ಪತ್ರ ಇಲ್ಲಿನ ಹೊಟೇಲಿನ ಗಲ್ಲೆಯಲ್ಲಿ ನನ್ನನ್ನು ಕಾಯುತ್ತಿತ್ತು. ಓದಿ, ಮೆಟ್ಟಿಲಲ್ಲಿ ಕೂತೆ. ಸಮರ್ಥನೆ ಎಷ್ಟು ಬೇಕಾದರೂ ಉಂಟು. ಜ್ವರ ನೂರ ಮೂರು ಇತ್ತು, ಕಣ್ಣು ಕತ್ತಲೆ ಬರುತ್ತಿತ್ತು, ತಾರಾನಾಥ ಎತ್ತಿ ಕೂರಿಸಿದ. ಆದರೆ ಬರೆಯುವಾಗ ಜ್ವರ ಇರಲಿಲ್ಲ. ಬರೆಯುವಾಗ ಮುಚ್ಚಿಟ್ಟದ್ದು ನಾನೇ.

ಇಲ್ಲಿಂದ ಸೊಲ್ಲಾಪುರಕ್ಕೆ, ಸೊಲ್ಲಾಪುರದಿಂದ ಮೋಡನಿಂಬಕ್ಕೆ ಹೋದೆ. ಸುದ್ದಿ ಕೇಳಿ ಟೆಂಭುರ್ಣಿಯಿಂದ ತಾರಾನಾಥ ಓಡೋಡಿ ಬಂದ. "ಮಾರಾಯಾ, ಸಾವಿರ ಕಿಲೋಮೀಟರಿನಲ್ಲಿ ಹದಿನಾಲ್ಕಕ್ಕೆ ಎಂತ ಲೆಕ್ಕ? ಜಯಕ್ಕನಿಗೆ ನಾನೇ ಫೋನ್ ಮಾಡಿ ಹೇಳ್ತೇನೆ" ಎಂದ. "ನೀನು ಹೇಳಿದ್ದು ಸಾಕು ಪುಣ್ಯಾತ್ಮ, ಇನ್ನು ಬಾಯಿ ಮುಚ್ಚು" ಎಂದೆ. ಟೆಂಪೋ ಹತ್ತಿದ ಜಾಗ ಅವನೇ ತೋರಿಸಿದ, ಒಂದು ಪಂಕ್ಚರ್ ಅಂಗಡಿಯ ಎದುರು. ಅಲ್ಲಿಂದ ಇಳಿದ ಜಾಗದವರೆಗೆ ನಡೆದೆ. ನೋಡುವಂಥದ್ದು ಏನೂ ಇಲ್ಲ, ಕಬ್ಬಿನ ಟ್ರ್ಯಾಕ್ಟರು, ಧೂಳು, ಎರಡು ಢಾಬಾ. ಯಾರೂ ಮಾವುಲಿ ಎನ್ನಲಿಲ್ಲ, ಯಾರೂ ಚಹಾ ಕೊಡಲಿಲ್ಲ. ನಾಲ್ಕು ಗಂಟೆ ಹಿಡಿಯಿತು.

ಮರುದಿನ ಪಂಢರಪುರಕ್ಕೆ ಹೋಗಿ ಸಾಲಿನಲ್ಲಿ ನಿಂತೆ. ಅಜ್ಜಿಯ ಹೆಸರು ಕೇಳಿರಲಿಲ್ಲ. ಇಂದಾಪುರದ ಹತ್ತಿರ ಸೊಂಟ ಬಿದ್ದ ಅಜ್ಜಿ ಎಂದು ಹೇಳಿ ಕೈಮುಗಿದೆ.

ಮತ್ತೆ ಬಸ್ಸಿನಲ್ಲಿ ಇಲ್ಲಿಗೆ ಬಂದೆ, ಎಲ್ಲಿ ಬಿಟ್ಟಿದ್ದೆನೋ ಅದೇ ಮೆಟ್ಟಿಲಿಗೆ. ಪಕ್ಕದ ಪಾನ್ ಅಂಗಡಿಯ ಶಿವರಾಯ ಎಂಬವರು ನನ್ನ ಕತೆ ಕೇಳಿ, "ನಡದ ಬಂದ್ರಿ, ಬಸ್ಸಿನ್ಯಾಗ ಹಿಂದಕ್ಕ ಹೋದ್ರಿ, ಮತ್ತ ಅಲ್ಲಿ ನಡದ್ರಿ, ಮತ್ತ ಬಸ್ಸಿನ್ಯಾಗ ಇಲ್ಲಿಗಿ ಬಂದ್ರಿ. ತಲಿ ನೆಟ್ಟಗ ಐತೇನ್ರಿ ನಿಮ್ದು?" ಎಂದರು. ನಾನು ಉತ್ತರ ಹೇಳಿದೆ. "ಕನ್ನಡದಾಗ ಹೇಳ್ರೆಪ್ಪಾ" ಎಂದರು. ಮಂಗಳೂರು ಕಡೆಯ ಕನ್ನಡವೇ ಅದು ಎಂದರೆ ನಂಬಲೇ ಇಲ್ಲ.

ನಾಳೆ ಇಲ್ಲಿಂದ ಮುಂದೆ. ಏನನ್ನೂ ಮುಚ್ಚಿಡುವುದಿಲ್ಲ. ಹೈದರಾಬಾದಿಗೆ ಬರೆ.

ಶೇಖರ


ಸೂರ್ಯಾಪೇಟೆ
೧೯ ಡಿಸೆಂಬರ್ ೨೦೨೪

ಜಯಾ,

ಹೈದರಾಬಾದಿನಲ್ಲಿ ನಿನ್ನ ಪತ್ರ ಇರಲಿಲ್ಲ. ಗಲ್ಲೆಯವರು ಡ್ರಾಯರು ಪೂರ್ತಿ ಹೊರಗೆಳೆದು ತೋರಿಸಿದರು. ಇಲ್ಲಿಯೂ ಇಲ್ಲ. ಅಂಚೆಯವರ ತಪ್ಪಿರಬಹುದು.

ಬೈಯಲಿಕ್ಕಾದರೂ ಬರೆ ಮಾರಾಯ್ತಿ. ನಿನ್ನ ಬೈಗುಳ ಜೇಬಿನಲ್ಲಿದ್ದರೆ ದಿನಕ್ಕೆ ಇಪ್ಪತ್ತು ಕಿಲೋಮೀಟರು ಸಲೀಸಾಗಿ ನಡೆಯುತ್ತೇನೆ. ಅದಿಲ್ಲದೆ ಹನ್ನೆರಡಕ್ಕೇ ಏದುಸಿರು ಬರುತ್ತದೆ. ಇಲ್ಲಿನವರ ತೆಲುಗು ನನಗೆ ತಿಳಿಯುವುದಿಲ್ಲ, ನನ್ನ ಹಿಂದಿ ಅವರಿಗೆ ಬೇಡ. ಮೂರು ದಿನದಿಂದ ನನ್ನ ಜೊತೆ ಮಾತಾಡಿದ್ದು ಒಂದು ಟೋಲ್ ನಾಕಾದವನು ಮಾತ್ರ, ಅದೂ ರಸ್ತೆಯ ಬದಿಗೆ ಸರಿ ಎಂದು.

ಒಂದು ಯೋಚನೆ ಬರುತ್ತದೆ, ಬರೆಯುವುದಿಲ್ಲ. ಮುಚ್ಚಿಡುವುದಿಲ್ಲ ಎಂದಿದ್ದೆ, ಇದೊಂದನ್ನು ಬಿಟ್ಟುಬಿಡು.

ಶೇಖರ


ಮಚಲಿಪಟ್ಟಣ
೨ ಜನವರಿ ೨೦೨೫

ಜಯಾ,

ಮುಗಿಯಿತು.

ಊರಿನಿಂದ ಕಡಲು ಇನ್ನೂ ಹನ್ನೊಂದು ಕಿಲೋಮೀಟರು ದೂರ ಎಂದು ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು. ಒಬ್ಬ ರಿಕ್ಷಾದವನು ಹಿಂದೆಯೇ ಬಂದು ಹತ್ತು ಹತ್ತು ಎಂದು ಕೈ ಮಾಡುತ್ತಿದ್ದ. ಹತ್ತಲಿಲ್ಲ. ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ನೀರಿನಲ್ಲಿ ಕಾಲಿಟ್ಟೆ. ಅಲೆ ಬಂದು ಮೊಣಕಾಲಿನವರೆಗೆ ಒದ್ದೆ ಮಾಡಿತು. ಪಕ್ಕದಲ್ಲಿ ಒಂದು ಕುಟುಂಬ ಐಸ್‌ಕ್ರೀಂ ತಿನ್ನುತ್ತಿತ್ತು. ನಾನು ಡೊಂಬಿವಲಿಯಿಂದ ನಡೆದು ಬಂದೆ ಎಂದು ಹಿಂದಿಯಲ್ಲಿ ಹೇಳಿದೆ. ಅಚ್ಚಾ ಎಂದು ಫೋಟೋ ತೆಗೆಯಲು ಫೋನನ್ನು ನನ್ನ ಕೈಗೆ ಕೊಟ್ಟರು, ಅವರದ್ದನ್ನು ತೆಗೆಯಲು.

ನಗಬೇಡ, ನನಗೆ ಅಳು ಬಂತು. ಜನ್ಮದಲ್ಲಿ ನಾನು ಮುಗಿಸಿದ ಮೊದಲ ಕೆಲಸ.

ರೈಲು ಹತ್ತುತ್ತೇನೆ. ನಾನು ಮನೆ ಮುಟ್ಟಿದ ಮರುದಿನ ನೀನು ಬಾ. ಬಚ್ಚಲಿನ ನಲ್ಲಿ ಮೊದಲು ಸರಿ ಮಾಡಿಸುತ್ತೇನೆ.

ಶೇಖರ


ರಬಾಳೆ
೯ ಜನವರಿ ೨೦೨೫

ಶೇಖರ ಅವರಿಗೆ,

ಇದನ್ನು ಡೊಂಬಿವಲಿಯ ವಿಳಾಸಕ್ಕೇ ಬರೆಯುತ್ತಿದ್ದೇನೆ. ನೀವು ಮನೆ ಮುಟ್ಟಿ ನಾಲ್ಕು ದಿನವಾಯಿತೆಂದು ದಿಶಾ ಹೇಳಿದಳು.

ನೀವು ಮುಗಿಸಿದಿರಿ. ಒಂದು ಹೆಜ್ಜೆಯೂ ಬಾಕಿ ಇಲ್ಲ, ಒಪ್ಪಿದೆ. ಆದರೆ ನಾನು ಬರುವುದಿಲ್ಲ.

ಸುತ್ತಿ ಬಳಸಿ ಹೇಳುವುದು ನನಗೆ ಗೊತ್ತಿಲ್ಲ. ಆ ದಿನ ಬಾಗಿಲಲ್ಲಿ ಆ ಮಾತು ಹೇಳಿದ್ದು, ನಿಮ್ಮ ಕೈಯಲ್ಲಿ ಆಗುವುದಿಲ್ಲ ಎಂಬ ಖಾತ್ರಿಯಿಂದ. ಇನ್ನು ಈ ಮನೆಗೆ ಕಾಲಿಡುವುದಿಲ್ಲ ಎಂದು ನೇರವಾಗಿ ಹೇಳುವ ಗುಂಡಿಗೆ ಇರಲಿಲ್ಲ. ದಿಶಾ ಅಳುತ್ತಿದ್ದಳು. ಆಗದ ಷರತ್ತೊಂದನ್ನು ಹಾಕಿ, ತಪ್ಪು ನಿಮ್ಮದೇ ಆಗಲಿ ಎಂದು ಮೆಟ್ಟಿಲಿಳಿದೆ.

ನೀವು ಹೊರಟಾಗ ನಕ್ಕೆ. ಟೆಂಪೋದ ಸುದ್ದಿ ಬಂದಾಗ ಅಷ್ಟೆಲ್ಲ ಬೈದೆನಲ್ಲ, ಒಳಗೆ ನನಗೆ ಸಮಾಧಾನವೇ ಆಗಿತ್ತು. ಅಬ್ಬ, ಬದುಕಿದೆ ಎಂದುಕೊಂಡೆ. ನೀವು ಹಿಂದೆ ಹೋಗಿ ಆ ಹದಿನಾಲ್ಕು ಕಿಲೋಮೀಟರು ನಡೆದಿರಿ ಎಂದು ಓದಿದ ದಿನ ಹೆದರಿಕೆ ಶುರುವಾಯಿತು. ಭೀಮು ನಕ್ಷೆಯಲ್ಲಿ ಪಿನ್ನು ಮುಂದೆ ಮುಂದೆ ಚುಚ್ಚುವುದು, ಲೋಡಿಂಗಿನ ಹುಡುಗರು ಚಪ್ಪಾಳೆ ತಟ್ಟುವುದು, ನಾನು ಒಳಗೆ ಪಾತ್ರೆ ತೊಳೆಯುವವರ ಮೇಲೆ ಹಾರಾಡುವುದು. ಪತ್ರ ಕಳೆದುಹೋಗಲಿಲ್ಲ, ಅಂಚೆಯವರನ್ನು ದೂರಬೇಡಿ. ನಾನು ಬರೆಯಲಿಲ್ಲ.

ನನ್ನ ಪಿತ್ತಕೋಶದ ಆಪರೇಷನ್ ನಿಮಗೆ ನೆನಪಿದೆಯೋ ಇಲ್ಲವೋ. ಸಹಿ ಹಾಕಲು ಬರುತ್ತೇನೆ ಎಂದವರು ಮುರಬಾಡಿನಲ್ಲಿ ಹೊಸ ಹೊಟೇಲಿಗೆ ಜಾಗ ನೋಡುತ್ತಾ ಕೂತಿದ್ದಿರಿ. ಆ ಹೊಟೇಲೂ ಆಗಲಿಲ್ಲ. ಕಾಗದಕ್ಕೆ ನನ್ನ ಸಹಿ ನಾನೇ ಹಾಕಿ ಒಳಗೆ ಹೋದೆ. ಅಲ್ಲಿಗೆ ನನ್ನದು ಮುಗಿದಿತ್ತು. ಅದರ ನಂತರ ನಾಲ್ಕು ವರ್ಷ ನಿಮ್ಮ ಮನೆಯಲ್ಲಿ ಸಾರು ಕುದಿಸಿದ್ದು ಬರೀ ಅಭ್ಯಾಸದಿಂದ.

ಇಲ್ಲಿ ಐದು ಗಂಟೆಗೆ ಏಳುತ್ತೇನೆ, ತುರ್ಭೆಯ ಗಾಡಿ ಹಿಡಿಯುತ್ತೇನೆ, ಸಂಜೆ ಬಂದು ಬಾಗಿಲು ಹಾಕಿಕೊಳ್ಳುತ್ತೇನೆ. ಯಾರ ದಾರಿಯನ್ನೂ ಕಾಯುವುದಿಲ್ಲ. ಇದು ಎಷ್ಟು ಸುಖ ಎಂದು ನಿಮಗೆ ಹೇಳಿದರೆ ಅರ್ಥವಾಗುವುದಿಲ್ಲ, ಯಾಕೆಂದರೆ ನೀವು ಯಾರನ್ನೂ ಕಾದವರಲ್ಲ.

ಮಾತಿಗೆ ತಪ್ಪುವವರು ಎಂದು ನಿಮ್ಮನ್ನು ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಈಗ ತಪ್ಪಿದವಳೂ ನಾನೇ. ಉಗಿಯಬೇಕೆನಿಸಿದರೆ ಉಗಿಯಿರಿ, ಹಕ್ಕಿದೆ.

ನನ್ನ ಕಬ್ಬಿಣದ ಕಪಾಟನ್ನು ಎರಡು ವರ್ಷದಿಂದ ದಿಶಾಳ ಹತ್ತಿರ ಕೇಳಿಸುತ್ತಿದ್ದೇನೆ. ಕಳಿಸಿಕೊಡಿ.

ಜಯಲತಾ


ಡೊಂಬಿವಲಿ ಪೂರ್ವ
೧೪ ಜನವರಿ ೨೦೨೫

ಜಯಲತಾ,

ಥೂ.

ಹಕ್ಕಿದೆ ಎಂದೆಯಲ್ಲ, ಉಗಿದೆ. ಸಾವಿರ ಕಿಲೋಮೀಟರು ನಡೆಸಿ, ಜ್ವರದಲ್ಲಿ ಬಿದ್ದವನನ್ನು ಕಳ್ಳನೆಂದು ಕರೆದು, ಹಿಂದೆ ಕಳಿಸಿ ಮತ್ತೆ ನಡೆಸಿ, ಕೊನೆಗೆ ಮೊದಲಿನಿಂದಲೂ ಬರುವ ಮನಸ್ಸಿರಲಿಲ್ಲ ಎನ್ನುತ್ತೀ. ನನ್ನ ಸುಳ್ಳು ಹದಿನಾಲ್ಕು ಕಿಲೋಮೀಟರಿನದ್ದು. ನಿನ್ನದು ಪೂರ್ತಿ ದೇಶದ ಉದ್ದದ್ದು. ಇನ್ನು ಮುಂದೆ ನನ್ನ ಎದುರು ಮಾತಿನ ಬೆಲೆ ಎಂದು ಬಾಯಿ ತೆರೆಯಬೇಡ.

ಮೂರು ದಿನ ಇದನ್ನೇ ಹೇಳಿಕೊಂಡು ಅಡುಗೆಮನೆಗೂ ಹಾಲಿಗೂ ನಡೆದೆ. ನಾಲ್ಕನೇ ದಿನ ನಿಂತೆ.

ಸೂರ್ಯಾಪೇಟೆಯಲ್ಲಿ ಬರೆಯಲಿಲ್ಲವಲ್ಲ, ಆ ಯೋಚನೆ ಇದೇ. ನೀನು ಬರುವುದಿಲ್ಲ ಎಂದು ಅಲ್ಲಿಯೇ ಅನಿಸಿತ್ತು. ಬಸ್ ಸ್ಟ್ಯಾಂಡಿನವರೆಗೆ ಹೋದೆ ಕೂಡ. ಹತ್ತಲು ಮನಸ್ಸಾಗಲಿಲ್ಲ. ಯಾಕೆಂದು ಇವತ್ತಿಗೂ ಗೊತ್ತಿಲ್ಲ.

ಕಪಾಟು ಇಲ್ಲಿದ್ದರೆ ಒಂದು ದಿನ ಸೀರೆಗಾದರೂ ಬರುತ್ತೀ ಎಂದು ಹಿಡಿದಿಟ್ಟುಕೊಂಡಿದ್ದೆ. ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ತರುತ್ತೇನೆ.

ಶೇಖರ


ರಬಾಳೆ
೧೮ ಜನವರಿ ೨೦೨೫, ಶನಿವಾರ

ಶೇಖರ ಅವರಿಗೆ,

ಹತ್ತು ಎಂದು ನೀವು ಬರೆದದ್ದನ್ನು ಮಧ್ಯಾಹ್ನ ಎರಡು ಎಂದು ಓದಿಕೊಂಡೆ. ಮೂವತ್ತೊಂದು ವರ್ಷ ಹಾಗೆ ಓದಿಯೇ ಅಭ್ಯಾಸ. ಬಾಗಿಲು ಬಡಿದಾಗ ಪಕ್ಕದ ಖೋಲಿಯವಳು ಎಂದುಕೊಂಡು ನೈಟಿಯಲ್ಲಿ, ತಲೆಗೆ ಎಣ್ಣೆ ಮೆತ್ತಿಕೊಂಡು ತೆರೆದೆ. ಹೊರಗೆ ನೀವು, ಇಬ್ಬರು ಹಮಾಲರು, ಕಪಾಟು. ಗಡಿಯಾರ ನೋಡಿದೆ. ಹತ್ತಕ್ಕೆ ಎರಡು ನಿಮಿಷ ಇತ್ತು.

ಕಪಾಟನ್ನು ಗೋಡೆಗೆ ಸೇರಿಸಿ ನಿಲ್ಲಿಸಿದಿರಿ. ನೆಲ ಓರೆ ಇದೆಯೆಂದು ಒಂದು ಕಾಲಿನ ಅಡಿಗೆ ರಟ್ಟು ಮಡಿಸಿ ಇಟ್ಟಿರಿ. ಅಲ್ಲಾಡುತ್ತದೆಯಾ ಎಂದು ಎರಡು ಸಾರಿ ತಳ್ಳಿ ನೋಡಿ, ಇನ್ನೊಂದು ರಟ್ಟು ಇಟ್ಟಿರಿ. ಕೀಲಿ ನನ್ನ ಕೈಗೆ ಕೊಟ್ಟಿರಿ. ನೀರು ಬೇಕಾ ಎಂದೆ, ಬೇಡ ಎಂದಿರಿ. ಹೋದಿರಿ. ಎಲ್ಲ ಸೇರಿ ಹದಿನೈದು ನಿಮಿಷ.

ಬಾಗಿಲು ಹಾಕಿ, ಆ ಕಪಾಟಿಗೆ ಹಣೆ ಇಟ್ಟು ಅತ್ತೆ. ತಪ್ಪು ತಿಳಿಯಬೇಡಿ, ವಾಪಸ್ ಬರುವ ಆಸೆಗೆ ಅಲ್ಲ. ಸಿಟ್ಟಿಗೆ. ಇಂಥ ಒಬ್ಬ ಮನುಷ್ಯ ನಿಮ್ಮೊಳಗೇ ಇದ್ದ. ನನಗೆ ಇಪ್ಪತ್ತೈದಾಗಿದ್ದಾಗ ಅವನನ್ನು ಕಳಿಸಲಿಲ್ಲ, ನಲವತ್ತಾಗಿದ್ದಾಗಲೂ ಕಳಿಸಲಿಲ್ಲ. ನನ್ನ ಸಾಮಾನು ಸಾಗಿಸುವ ದಿನ ಕಳಿಸಿದಿರಲ್ಲ ಮಾರಾಯ್ರೆ.

ಜಯಲತಾ